ಸಂತೆಯ ಸುಂಕದಿಂದ ವ್ಯಾಪಾರಿಯ ಪ್ರಮಾಣಪತ್ರದವರೆಗೆ: ಸಿಂಧನೂರು, ಲಿಂಗಸುಗೂರು, ಮಸ್ಕಿ ಪರಿಸರದ ಒಂದು ಅಧ್ಯಯನ

ಪ್ರಸ್ತಾವನೆ

ಸಂತೆಗೂ ಪ್ರಭುತ್ವಕ್ಕೂ ಇರುವ ಸಂಬಂಧ ಬಹು ಪ್ರಾಚೀನವಾದುದು. ಕನ್ನಡ ನಾಡಿನಲ್ಲಿ ಆಳಿದ ಅರಸುಮನೆತನಗಳು ಬದಲಾಗಿವೆ, ನಾಣ್ಯಗಳು ಬದಲಾಗಿವೆ, ಆಡಳಿತದ ಭಾಷೆಗಳೂ ಬದಲಾಗಿವೆ. ಆದರೆ ಬುಟ್ಟಿ ಹೊತ್ತು ಬಂದು ನೆಲದ ಮೇಲೆ ಗೋಣಿತಟ್ಟು ಹಾಸಿ ಕುಳಿತವರಿಂದ ಏನನ್ನಾದರೂ ವಸೂಲು ಮಾಡುವ ಪದ್ಧತಿ ಮಾತ್ರ ಒಂದಲ್ಲ ಒಂದು ರೂಪದಲ್ಲಿ ಮುಂದುವರಿದು ಬಂದಿದೆ. ‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆ ಈ ದೀರ್ಘ ಅನುಭವದಿಂದ ಹುಟ್ಟಿದ್ದು. ಜನಪದರು ರಾಜನ ಹೆಸರನ್ನು ಮರೆತಿರಬಹುದು; ಸುಂಕದವನನ್ನು ಮರೆತಿಲ್ಲ.

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ಪಟ್ಟಣಗಳನ್ನು ಕೇಂದ್ರವಾಗಿಟ್ಟುಕೊಂಡು, ಬೀದಿ ಹಾಗೂ ಸಂತೆಯ ವ್ಯಾಪಾರಕ್ಕೆ ಸಂಬಂಧಿಸಿದ ಸುಂಕ, ಗುತ್ತಿಗೆ ಮತ್ತು ಪರವಾನಗಿಯ ಕಟ್ಟಳೆಗಳು ಕಾಲಾನುಕ್ರಮದಲ್ಲಿ ಹೇಗೆ ರೂಪುಗೊಂಡವು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ. ಈ ಚರಿತ್ರೆಯಲ್ಲಿ ಮೂರು ಸ್ಥೂಲ ಘಟ್ಟಗಳನ್ನು ಗುರುತಿಸಬಹುದು. ಮೊದಲನೆಯದು ಸರಕಿನ ಮೇಲೆ ಸುಂಕ ವಿಧಿಸಿದ ಕಾಲ. ಎರಡನೆಯದು ಕುಳಿತ ನೆಲದ ಮೇಲೆ ಬಾಡಿಗೆ ಪಡೆದ ಕಾಲ. ಮೂರನೆಯದು ವ್ಯಾಪಾರ ಮಾಡುವ ವ್ಯಕ್ತಿಯನ್ನೇ ದಾಖಲಿಸಿ ಪ್ರಮಾಣಪತ್ರ ನೀಡುವ ಇಂದಿನ ಕಾಲ. ಈ ಮೂರೂ ಘಟ್ಟಗಳ ಅಡಿಯಲ್ಲಿ ಬರಹಕ್ಕೆ ಇಳಿಯದ ಮತ್ತೊಂದು ಕಟ್ಟಳೆಯಿದೆ. ಯಾರ ಜಾಗ ಯಾವುದು ಎಂದು ಸಂತೆಯೇ ನೆನಪಿನಲ್ಲಿಟ್ಟುಕೊಂಡು ಬಂದಿರುವ ರೂಢಿ ಅದು. ಇಂದಿನ ಕಾನೂನಿನ ಸಂದರ್ಭದಲ್ಲಿ ಆ ನೆನಪು ಜೀವನೋಪಾಯದ ಸಾಕ್ಷ್ಯವಾಗಿ ಪರಿಣಮಿಸಿದೆ ಎಂಬುದನ್ನು ತೋರಿಸುವುದು ಲೇಖನದ ಮುಖ್ಯ ಉದ್ದೇಶ.

ಪ್ರದೇಶದ ಹಿನ್ನೆಲೆ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಈ ಭೂಭಾಗವನ್ನು ಶಾಸನಗಳು ಎಡೆದೊರೆ ನಾಡು ಎಂದು ಕರೆದಿವೆ. ಮಸ್ಕಿಯು ಅಶೋಕನ ಕಿರುಬಂಡೆ ಶಾಸನದಿಂದ ಪ್ರಸಿದ್ಧವಾಗಿದೆ. ಚಿನ್ನದ ನಿಕ್ಷೇಪದ ಶೋಧನೆಯಲ್ಲಿದ್ದ ಎಂಜಿನಿಯರ್ ಬೀಡನ್ ೧೯೧೫ರಲ್ಲಿ ಇದನ್ನು ಪತ್ತೆ ಮಾಡಿದರು. ‘ದೇವಾನಾಂಪ್ರಿಯ’ ಎಂಬ ಬಿರುದಿನೊಡನೆ ಅಶೋಕನ ಹೆಸರನ್ನೂ ಹೇಳುವ ಈ ಶಾಸನದಿಂದ ಆ ಬಿರುದು ಯಾರದೆಂಬ ಪ್ರಶ್ನೆ ಇತ್ಯರ್ಥವಾಯಿತು. ೧೯೫೪ರಲ್ಲಿ ಬಿ. ಕೆ. ಥಾಪರ್ ಅವರು ಇಲ್ಲಿ ಉತ್ಖನನ ನಡೆಸಿದರು. ಮಸ್ಕಿಯ ನೆಲದಲ್ಲಿ ದೊರೆತ ಬಗೆಬಗೆಯ ಕಲ್ಲುಮಣಿಗಳೂ ಶಂಖದ ವಸ್ತುಗಳೂ ಇಲ್ಲಿಯ ಕುಶಲಕರ್ಮಿಗಳ ಕೆಲಸಕ್ಕೆ ಸಾಕ್ಷಿಯಾಗಿವೆ. ಕಡಲಿನ ಶಂಖ ಎಡೆದೊರೆಯ ಒಳನಾಡಿಗೆ ಬರಬೇಕಾದರೆ ಹಲವು ಕೈ ದಾಟಿಯೇ ಬರಬೇಕು. ಅಂದರೆ ಕೊಡುಕೊಳ್ಳುವಿಕೆಯು ಈ ಊರಿಗೆ ಎರಡು ಸಾವಿರ ವರ್ಷಗಳಿಗೂ ಹಳೆಯದು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಈ ಊರು ಪಿರಿಯ ಮೊಸಂಗಿ ಎಂಬ ಹೆಸರಿನಿಂದ ಪ್ರಸಿದ್ಧವಾಗಿತ್ತು.

ಊರ ಹೆಸರುಗಳೂ ಈ ವಿಷಯದಲ್ಲಿ ಸಾಕ್ಷ್ಯ ನುಡಿಯುತ್ತವೆ. ಹಿಂದಿನ ಅವಿಭಜಿತ ಲಿಂಗಸುಗೂರು ತಾಲ್ಲೂಕಿನ ಸಂತೆಕೆಲ್ಲೂರು ತನ್ನ ಹೆಸರಿನಲ್ಲಿಯೇ ಸಂತೆಯನ್ನು ಉಳಿಸಿಕೊಂಡಿದೆ. ಒಂದು ಊರನ್ನು ಅದೇ ಹೆಸರಿನ ಇತರ ಊರುಗಳಿಂದ ಬೇರ್ಪಡಿಸಿ ಗುರುತಿಸಲು ದೇವರ ಹೆಸರನ್ನೋ ಕೆರೆಯ ಹೆಸರನ್ನೋ ಸೇರಿಸುವುದು ವಾಡಿಕೆ. ಇಲ್ಲಿ ಆ ಗುರುತು ಸಂತೆಯದಾಗಿದೆ. ಇದಲ್ಲದೆ ಗುರುಗುಂಟದ ಅಮರೇಶ್ವರ ಜಾತ್ರೆ, ಸಿಂಧನೂರು ತಾಲ್ಲೂಕಿನ ಅಂಬಾಮಠದ ಜಾತ್ರೆ, ಮುದಗಲ್ಲಿನ ಮೊಹರಂ ಮುಂತಾದ ಸಂದರ್ಭಗಳಲ್ಲಿ ನೆರೆಯುವ ತಾತ್ಕಾಲಿಕ ಪೇಟೆಗಳೂ ಈ ವ್ಯಾಪಾರ ಜಾಲದ ಅಂಗಗಳೇ ಆಗಿವೆ.

ಸಿಂಧನೂರಿನ ಬೆಳವಣಿಗೆಯ ಬಗೆ ಬೇರೆ. ೧೯೫೩ರಲ್ಲಿ ತುಂಗಭದ್ರಾ ಜಲಾಶಯದಿಂದ ನೀರು ಹರಿಯತೊಡಗಿದ ತರುವಾಯ ಎಡದಂಡೆ ಕಾಲುವೆಯ ಪ್ರದೇಶದಲ್ಲಿ ಬತ್ತದ ಬೇಸಾಯ ವಿಸ್ತಾರಗೊಂಡಿತು. ಆಂಧ್ರದಿಂದ ಬಂದ ಒಕ್ಕಲುಗಳು ಅಲ್ಲಲ್ಲಿ ಕ್ಯಾಂಪುಗಳನ್ನು ಕಟ್ಟಿಕೊಂಡವು. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೂ ಇದೇ ತಾಲ್ಲೂಕಿನಲ್ಲಿ ಪುನರ್ವಸತಿ ಕಲ್ಪಿಸಲಾಯಿತು. ಹೀಗಾಗಿ ಸಿಂಧನೂರಿನ ಪೇಟೆಯಲ್ಲಿ ಕನ್ನಡ, ಉರ್ದು, ಲಂಬಾಣಿ ನುಡಿಗಳ ಜೊತೆಗೆ ತೆಲುಗು, ಬಂಗಾಳಿಗಳೂ ಕಿವಿಗೆ ಬೀಳುತ್ತವೆ. ಕಾಲುವೆಯ ನೀರು ಹೊಲಗಳಿಗೆ ಬೆಳೆ ತಂದಂತೆ ಪೇಟೆಗೆ ಕೊಳ್ಳುವವರನ್ನೂ ಮಾರುವವರನ್ನೂ ತಂದಿತು.

ಸರಕಿನ ಮೇಲಿನ ಸುಂಕ

ಕನ್ನಡ ಶಾಸನಗಳಲ್ಲಿ ವ್ಯಾಪಾರದ ತೆರಿಗೆಗಳಿಗೆ ಸಮೃದ್ಧವಾದ ಶಬ್ದಸಂಪತ್ತಿದೆ. ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ, ಅಂಗಡಿದೆರೆ ಮೊದಲಾದ ಪದಗಳು ಚಾಲುಕ್ಯ, ಹೊಯ್ಸಳ ಕಾಲದ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಸುಂಕದ ಲೆಕ್ಕ ಬಹುಮಟ್ಟಿಗೆ ಸರಕನ್ನು ಅನುಸರಿಸಿತ್ತು. ಎತ್ತಿನ ಹೇರಿಗೆ ಇಷ್ಟು, ತಲೆಹೊರೆಗೆ ಇಷ್ಟು, ಎಲೆಯ ಹೊರೆಗೆ ಇಷ್ಟು ಎಲೆ, ಗಾಣಕ್ಕೆ ಒಂದು ಸೊಲ್ಲಗೆ ಎಣ್ಣೆ ಎಂಬ ಬಗೆಯ ನಿಗದಿಗಳನ್ನು ದತ್ತಿ ಶಾಸನಗಳಲ್ಲಿ ಕಾಣಬಹುದು. ಹೀಗೆ ಸಂಗ್ರಹವಾದುದರಲ್ಲಿ ಒಂದು ಭಾಗ ದೇವಾಲಯದ ನಂದಾದೀಪಕ್ಕೋ ಮಠದ ಅನ್ನದಾನಕ್ಕೋ ಸಲ್ಲುತ್ತಿತ್ತು. ಕೊಟ್ಟವನಿಗೆ ಕೊಟ್ಟದ್ದು ಎಲ್ಲಿಗೆ ಹೋಗುತ್ತದೆಂಬುದು ಕಣ್ಣಿಗೆ ಕಾಣುತ್ತಿತ್ತು.

ವ್ಯಾಪಾರಿಗಳೇ ಸಂಘಟಿತರಾಗಿ ಕಟ್ಟಳೆ ಮಾಡಿಕೊಳ್ಳುತ್ತಿದ್ದುದೂ ಈ ಕಾಲದ ವಿಶೇಷ. ಅಯ್ಯಾವೊಳೆ ಐನೂರ್ವರು ಎಂಬ ವರ್ತಕ ಸಂಘದ ವ್ಯಾಪ್ತಿ ದಕ್ಷಿಣ ಭಾರತದ ಉದ್ದಗಲಕ್ಕೂ ಹರಡಿತ್ತು. ಪಟ್ಟಣಸ್ವಾಮಿ ಎಂಬ ಪದವಿಯವನು ಪೇಟೆಯ ಮುಖಂಡನಾಗಿದ್ದನು. ವಿಜಯನಗರ ಕಾಲದಲ್ಲಿ ಹೊಸ ಸಂತೆಯನ್ನು ಕಟ್ಟಿಸಿದವರಿಗೆ ಪಟ್ಟಣಶೆಟ್ಟಿತನ ಕೊಟ್ಟು, ಆರಂಭದ ವರ್ಷಗಳಲ್ಲಿ ಅಲ್ಲಿಗೆ ಬಂದ ವ್ಯಾಪಾರಿಗಳಿಗೆ ಸುಂಕ ಬಿಟ್ಟುಕೊಟ್ಟ ನಿದರ್ಶನಗಳಿವೆ. ಇಂದಿನ ಪರಿಭಾಷೆಯಲ್ಲಿ ಹೇಳುವುದಾದರೆ ಇದು ರಿಯಾಯಿತಿ. ವ್ಯಾಪಾರಿ ಬಂದು ಕುಳಿತರಷ್ಟೇ ಸಂತೆ, ಸಂತೆ ನಿಂತರಷ್ಟೇ ಸುಂಕ ಎಂಬ ತಿಳಿವಳಿಕೆ ಆ ಆಡಳಿತಕ್ಕಿತ್ತು. ೧೨ನೆಯ ಶತಮಾನದ ವಚನಕಾರರಲ್ಲಿ ಸುಂಕದ ಬಂಕಣ್ಣನೆಂಬ ಶರಣನಿದ್ದುದನ್ನೂ ಇಲ್ಲಿ ಸ್ಮರಿಸಬಹುದು. ಸುಂಕ ವಸೂಲಿಯೂ ಕಾಯಕಗಳಲ್ಲಿ ಒಂದಾಗಿ ಗಣನೆಗೆ ಬಂದಿದ್ದ ಕಾಲ ಅದು.

ಆದರೆ ಸುಂಕವನ್ನು ಗುತ್ತಿಗೆಗೆ ಕೊಡುವ ಪದ್ಧತಿಯೂ ಹಳೆಯದೇ. ೧೬ನೆಯ ಶತಮಾನದಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ವರ್ತಕ ನೂನಿಜನು, ರಾಜಧಾನಿಯ ಹತ್ತಿರದ ನಾಗಲಾಪುರ ಪಟ್ಟಣದ ದ್ವಾರದ ಸುಂಕವು ವರ್ಷಕ್ಕೆ ೧೨,೦೦೦ ಪರ್ದಾವುಗಳಿಗೆ ಗುತ್ತಿಗೆಯಾಗುತ್ತಿತ್ತೆಂದೂ ಗುತ್ತಿಗೆ ಹಿಡಿದವರು ಕೇಳಿದಷ್ಟನ್ನು ಕೊಡದೆ ಯಾರೂ ಒಳಹೋಗುವಂತಿರಲಿಲ್ಲವೆಂದೂ ಬರೆದಿದ್ದಾನೆ. ನಿಗದಿತ ಸುಂಕ ಮತ್ತು ಗುತ್ತಿಗೆದಾರ ಕೇಳುವ ಸುಂಕ, ಈ ಎರಡರ ನಡುವಿನ ಅಂತರ ಇಂದಿನ ಸಂತೆಯಲ್ಲಿಯೂ ಜಗಳಕ್ಕೆ ಕಾರಣವಾಗುವ ಸಂಗತಿಯಾಗಿದೆ.

ನೆಲದ ಮೇಲಿನ ತೈಬಜಾರಿ

ಆದಿಲ್‌ಶಾಹಿ, ಮೊಗಲ್, ನಿಜಾಮ ಆಡಳಿತಗಳ ಅವಧಿಯಲ್ಲಿ ಸಂತೆಯ ಶಬ್ದಕೋಶದಲ್ಲಿ ಗಣನೀಯ ಬದಲಾವಣೆಯಾಯಿತು. ಈ ಭಾಗದ ಜನ ಇಂದಿಗೂ ಬಳಸುವ ಜಕಾತಿ, ಪರವಾನಗಿ, ರಸೀದಿ, ಹರಾಜು ಎಂಬ ಮಾತುಗಳು ಅರಬ್ಬೀ-ಪಾರಸಿ ಮೂಲದಿಂದ ಬಂದವು. ಇವುಗಳಲ್ಲಿ ಅತ್ಯಂತ ಮಹತ್ವದ್ದು ತೈಬಜಾರಿ. ಪಾರಸಿಯಲ್ಲಿ ‘ತಹ್’ ಎಂದರೆ ತಳ, ನೆಲ. ‘ತಹಬಜಾರಿ’ ಎಂದರೆ ಬಜಾರಿನ ನೆಲಕ್ಕೆ ಕೊಡುವ ಹಣ. ಕನ್ನಡಿಗರ ಬಾಯಲ್ಲಿ ಅದು ತೈಬಜಾರಿಯಾಗಿ ನೆಲೆಗೊಂಡಿದೆ.

ಈ ಪದದ ಹಿಂದಿರುವ ಪರಿಕಲ್ಪನೆ ಗಮನಾರ್ಹವಾದುದು. ಸುಂಕವು ಸರಕನ್ನು ನೋಡಿ ಹಾಕುವಂಥದು. ತೈಬಜಾರಿಯು ಸರಕು ಇಟ್ಟ ಜಾಗವನ್ನು ನೋಡಿ ಹಾಕುವಂಥದು. ಮೆಣಸಿನಕಾಯಿಯ ಚೀಲವಿರಲಿ, ನಾಲ್ಕು ಕಟ್ಟು ಪುಂಡಿಪಲ್ಲೆಯಿರಲಿ, ನೆಲ ಹಿಡಿದ ಮೇಲೆ ನೆಲದ ಹಣ ಕೊಡಲೇಬೇಕು. ಇಂಗ್ಲೆಂಡಿನ ಮಧ್ಯಯುಗದ ಪೇಟೆಗಳಲ್ಲಿಯೂ ಸರಕಿನ ಸುಂಕ ಬೇರೆ, ಅಂಗಡಿ ಹೂಡಿದ ಜಾಗದ ಬಾಡಿಗೆ ಬೇರೆ ಎಂಬ ಭೇದವಿತ್ತು. ಅಲ್ಲಿ ಊರೂರು ತಿರುಗುವ ವ್ಯಾಪಾರಿಗಳ ತಕರಾರುಗಳನ್ನು ಪೇಟೆ ಕಳೆಯುವುದರೊಳಗೆ ತೀರ್ಮಾನಿಸಲು ‘ಧೂಳುಗಾಲಿನವರ ನ್ಯಾಯಾಲಯ’ ಎಂಬರ್ಥದ ಹೆಸರಿನ ಪ್ರತ್ಯೇಕ ನ್ಯಾಯಸ್ಥಾನವೂ ಇತ್ತು. ತಿರುಗಾಡುವ ವ್ಯಾಪಾರಿಯು ನಾಳೆ ಮತ್ತೊಂದು ಊರಿನಲ್ಲಿರುತ್ತಾನೆ. ಆದುದರಿಂದ ಅವನಿಗೆ ಇಂದೇ ನ್ಯಾಯ ದೊರೆಯಬೇಕೆಂಬ ವಿವೇಕ ಅದರ ಹಿಂದಿತ್ತು.

ಎಡೆದೊರೆ ನಾಡು ೧೮೫೩ರಲ್ಲಿ ಬ್ರಿಟಿಷರ ಆಡಳಿತಕ್ಕೆ ಒಪ್ಪಿಸಲ್ಪಟ್ಟು ೧೮೬೦ರಲ್ಲಿ ಮರಳಿ ನಿಜಾಮನಿಗೆ ಸೇರಿತು. ಮೊದಲನೆಯ ಸಾಲಾರ್ ಜಂಗ್ ೧೮೬೫ರಲ್ಲಿ ಜಾರಿಗೆ ತಂದ ಜಿಲಾಬಂದಿಯಿಂದ ಹೈದರಾಬಾದ್ ಸಂಸ್ಥಾನದಲ್ಲಿ ಜಿಲ್ಲೆ, ತಾಲ್ಲೂಕುಗಳ ಕ್ರಮಬದ್ಧ ಆಡಳಿತ ನೆಲೆಗೊಂಡಿತು. ಲಿಂಗಸುಗೂರು ೧೯೦೫ರವರೆಗೆ ಜಿಲ್ಲಾ ಕೇಂದ್ರವಾಗಿತ್ತು. ಹೈದರಾಬಾದ್ ಕಂಟಿಂಜೆಂಟ್ ಪಡೆಯ ದಂಡು ಅಲ್ಲಿ ಬೀಡುಬಿಟ್ಟಿತ್ತು. ಕಚೇರಿ ಇದ್ದಲ್ಲಿ ಜನ, ದಂಡು ಇದ್ದಲ್ಲಿ ಬಜಾರು ಎಂಬುದು ಸಹಜ. ೧೯೦೫ರಲ್ಲಿ ಜಿಲ್ಲೆ ರದ್ದಾಗಿ ರಾಯಚೂರಿನಲ್ಲಿ ವಿಲೀನವಾದಾಗ ಊರಿನ ಆಡಳಿತ ಮಹತ್ವ ಕುಗ್ಗಿತು. ಸಂತೆಗೆ ಜಿಲ್ಲಾ ಕಚೇರಿಯ ಹಂಗಿರಲಿಲ್ಲ. ಸುತ್ತಲಿನ ಒಕ್ಕಲುತನವೇ ಅದರ ಆಧಾರವಾಗಿತ್ತು.

ಕಾಯಿದೆ ಮತ್ತು ಹರಾಜು

೧೯೪೮ರ ಸೆಪ್ಟೆಂಬರ್ ತಿಂಗಳ ಪೊಲೀಸ್ ಕಾರ್ಯಾಚರಣೆಯ ಅನಂತರ ಹೈದರಾಬಾದ್ ಸಂಸ್ಥಾನ ಭಾರತ ಒಕ್ಕೂಟದಲ್ಲಿ ಸೇರಿತು. ೧೯೫೬ರ ನವೆಂಬರ್ ೧ರಂದು ರಾಯಚೂರು ಜಿಲ್ಲೆ ವಿಶಾಲ ಮೈಸೂರು ರಾಜ್ಯದ ಭಾಗವಾಯಿತು. ಆಗ ಹೊಸ ರಾಜ್ಯದಲ್ಲಿ ಮುಂಬಯಿ, ಹೈದರಾಬಾದ್, ಮದ್ರಾಸ್, ಮೈಸೂರು ಮತ್ತು ಕೊಡಗಿನ ಬೇರೆ ಬೇರೆ ಕಾನೂನುಗಳು ಚಾಲ್ತಿಯಲ್ಲಿದ್ದವು. ಪೌರಾಡಳಿತದ ಮಟ್ಟಿಗೆ ಇವುಗಳನ್ನು ಒಂದುಗೂಡಿಸಿದ್ದು ಇಂದು ಕರ್ನಾಟಕ ಪೌರಸಭೆಗಳ ಅಧಿನಿಯಮವೆಂದು ಕರೆಯಲಾಗುವ ೧೯೬೪ರ ಕಾಯಿದೆ. ಮಾರುಕಟ್ಟೆಗಳನ್ನು ಸ್ಥಾಪಿಸುವುದು, ಅವುಗಳ ಬಳಕೆಗೆ ಶುಲ್ಕ ಪಡೆಯುವುದು, ಸಾರ್ವಜನಿಕ ಬೀದಿಯ ಅತಿಕ್ರಮಣ ತೆರವುಗೊಳಿಸುವುದು ಇವೆಲ್ಲ ಈ ಕಾಯಿದೆಯಡಿ ಪೌರಸಂಸ್ಥೆಯ ಅಧಿಕಾರಕ್ಕೆ ಸೇರಿದವು. ಗ್ರಾಮಗಳಲ್ಲಿ ಇಂಥದೇ ಅಧಿಕಾರವನ್ನು ೧೯೯೩ರ ಪಂಚಾಯತ್ ರಾಜ್ ಅಧಿನಿಯಮವು ಗ್ರಾಮ ಪಂಚಾಯಿತಿಗೆ ಕೊಟ್ಟಿದೆ.

ಒಂದೇ ಸಂಸ್ಥೆಗೆ ಎರಡು ಪಾತ್ರಗಳು ಬಂದುದು ಇಲ್ಲಿಯ ಮುಖ್ಯ ಸಂಗತಿ. ಶುಲ್ಕ ಪಡೆಯುವಾಗ ಪೌರಸಂಸ್ಥೆಯು ಬೀದಿಯ ವ್ಯಾಪಾರಿಯನ್ನು ಒಪ್ಪಿಕೊಳ್ಳುತ್ತದೆ. ತೆರವು ಮಾಡಿಸುವಾಗ ಅದೇ ವ್ಯಾಪಾರಿಯನ್ನು ಅತಿಕ್ರಮಣಕಾರನೆನ್ನುತ್ತದೆ. ಬೆಳಿಗ್ಗೆ ರಸೀದಿ ಹರಿದುಕೊಟ್ಟ ಸಂಸ್ಥೆಯೇ ಸಂಜೆ ಬಂಡಿ ಎತ್ತಿಸುವ ವಿಪರ್ಯಾಸ ಕರ್ನಾಟಕದ ಯಾವ ಪಟ್ಟಣಕ್ಕೂ ಹೊಸದಲ್ಲ.

ವಸೂಲಿಯ ಕ್ರಮದಲ್ಲಿ ಹಳೆಯ ಗುತ್ತಿಗೆ ಪದ್ಧತಿಯೇ ಮುಂದುವರಿಯಿತು. ವಾರದ ಸಂತೆ, ದಿನವಹಿ ಮಾರುಕಟ್ಟೆ, ಕುರಿ ಹಾಗೂ ದನದ ಸಂತೆ ಇವುಗಳ ಶುಲ್ಕ ವಸೂಲಿಯ ಹಕ್ಕನ್ನು ಸಾಮಾನ್ಯವಾಗಿ ಆರ್ಥಿಕ ವರ್ಷಕ್ಕೊಮ್ಮೆ ಬಹಿರಂಗ ಹರಾಜಿಗೆ ಇಡಲಾಗುತ್ತದೆ. ಠೇವಣಿ ಕಟ್ಟಿದವರು ಸವಾಲು ಕೂಗುತ್ತಾರೆ. ಹೆಚ್ಚು ಕೂಗಿದವರಿಗೆ ವರ್ಷದ ಗುತ್ತಿಗೆ ದೊರೆಯುತ್ತದೆ. ಪೌರಸಂಸ್ಥೆಗೆ ವಸೂಲಿಯ ತಾಪತ್ರಯವಿಲ್ಲದೆ ಇಡೀ ವರ್ಷದ ಆದಾಯ ಮೊದಲೇ ಗೊತ್ತಾಗುತ್ತದೆ ಎಂಬುದು ಇದರ ಅನುಕೂಲ. ಆದರೆ ಗುತ್ತಿಗೆದಾರನಿಗೆ ಒಂದೇ ವರ್ಷದ ಅವಧಿ. ಮಳೆ ಕೈಕೊಟ್ಟು ಸಂತೆ ಕಳೆಗುಂದಿದರೂ ಅವನು ಕೂಗಿದ ಹಣ ಕಟ್ಟಲೇಬೇಕು. ಆ ಭಾರ ಕೊನೆಗೆ ಬುಟ್ಟಿಯವರ ಮೇಲೆ ಬೀಳುತ್ತದೆ. ಆದ್ದರಿಂದಲೇ ದರಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಫಲಕದಲ್ಲಿ ಹಾಕಬೇಕೆಂಬ ಬೇಡಿಕೆ ಸಂತೆಗಳಲ್ಲಿ ಮರುಕಳಿಸುತ್ತಿರುತ್ತದೆ.

ತೈಬಜಾರಿಯ ರಸೀದಿಯ ಸ್ವರೂಪವನ್ನು ವಿಶೇಷವಾಗಿ ಗಮನಿಸಬೇಕು. ಅದರಲ್ಲಿ ಸಾಮಾನ್ಯವಾಗಿ ಇರುವುದು ಸಂಸ್ಥೆಯ ಹೆಸರು, ಕ್ರಮಸಂಖ್ಯೆ ಮತ್ತು ಮೊತ್ತ. ಕೊಟ್ಟವರ ಹೆಸರಾಗಲಿ ಅವರು ಕುಳಿತ ಜಾಗದ ಗುರುತಾಗಲಿ ಅದರಲ್ಲಿರುವುದಿಲ್ಲ. ಮೂವತ್ತು ವರ್ಷ ವಾರವಾರವೂ ನೆಲದ ಹಣ ಕೊಟ್ಟ ಹೆಣ್ಣುಮಗಳೊಬ್ಬಳ ಬಳಿ, ಅವಳು ಅಲ್ಲಿ ಕುಳಿತಿದ್ದಳೆಂದು ಹೇಳುವ ಒಂದು ತುಂಡು ಕಾಗದವೂ ಉಳಿಯುವುದಿಲ್ಲ. ನೆಲಕ್ಕೆ ಹಣ ಸಂದಿದೆ. ಆದರೆ ನೆಲದ ಮೇಲೆ ಕುಳಿತವಳು ದಾಖಲೆಗೆ ಸಂದಿಲ್ಲ.

ಸಂತೆಯ ಒಳಕಟ್ಟಳೆ

ದಾಖಲೆ ಬಿಟ್ಟದ್ದನ್ನು ಸಂತೆ ಬಿಟ್ಟಿಲ್ಲ. ಕಾಯಿಪಲ್ಲೆಯವರ ಸಾಲು, ಬಾಗವಾನರ ಹಣ್ಣಿನ ಸಾಲು, ಬಳೆಗಾರರ ಜಾಗ, ಮೇದಾರರ ಬುಟ್ಟಿ ಮೊರಗಳ ಜಾಗ, ಕುಂಬಾರರ ಗಡಿಗೆಗಳ ಜಾಗ, ಒಣಮೀನಿನ ಸಾಲು ಹೀಗೆ ಸಂತೆಯ ನೆಲವು ತನ್ನದೇ ಆದ ನಕ್ಷೆಯನ್ನು ಹೊಂದಿರುತ್ತದೆ. ಅದನ್ನು ಯಾವ ಎಂಜಿನಿಯರನೂ ಬರೆದುದಲ್ಲ. ಒಂದು ಕಲ್ಲು, ಒಂದು ಬೇವಿನ ಮರ, ಒಂದು ಗೋಡೆಯ ಮೂಲೆ ಇವೇ ಅದರ ಗಡಿಗುರುತುಗಳು. ಒಂದು ವಾರ ಬಾರದವರ ಜಾಗವನ್ನು ಪಕ್ಕದವರು ಕಾಯುತ್ತಾರೆ. ಹಲವು ವಾರ ಬಾರದಿದ್ದರೆ ಕೇಳಿ ತಿಳಿದುಕೊಂಡು ಬೇರೆಯವರಿಗೆ ಎಡೆಕೊಡುತ್ತಾರೆ. ಅತ್ತೆಯ ಜಾಗದಲ್ಲಿ ಸೊಸೆ ಕೂರುವುದು, ಅಕ್ಕನ ಜಾಗದಲ್ಲಿ ತಂಗಿ ಕೂರುವುದು ರೂಢಿಯಲ್ಲಿದೆ. ಬೋಣಿಗೆಯಾಗುವ ಮೊದಲು ಸಾಲ ಕೇಳಬಾರದು, ಅಳತೆಯ ಮೇಲೆ ಕೊಸರು ಹಾಕಬೇಕು, ಪಕ್ಕದವರ ಗಿರಾಕಿಯನ್ನು ಕೂಗಿ ಕರೆಯಬಾರದು ಎಂಬ ನಡವಳಿಕೆಗಳೂ ಈ ಕಟ್ಟಳೆಗೆ ಸೇರಿದವು.

ಇದನ್ನು ಕೇವಲ ಸೌಹಾರ್ದವೆಂದು ವೈಭವೀಕರಿಸಬೇಕಾಗಿಲ್ಲ. ಜಾತಿಯ ಮೇಲುಕೀಳುಗಳು ಸಂತೆಯ ನಕ್ಷೆಯಲ್ಲಿಯೂ ಮೂಡಿವೆ. ಯಾರ ಜಾಗ ದಾರಿಯ ಬಾಯಿಗೆ, ಯಾರ ಜಾಗ ಸಂತೆಯ ಅಂಚಿಗೆ ಎಂಬುದು ಯಾವಾಗಲೂ ಕಾಕತಾಳೀಯವಾದುದಲ್ಲ. ಹೊಸದಾಗಿ ಬಂದವರಿಗೆ ಜಾಗ ದೊರೆಯುವುದು ಸುಲಭವೂ ಅಲ್ಲ. ಹಾಗಿದ್ದರೂ ಜಾಗದ ಹಕ್ಕನ್ನು ಬಳಕೆಯಿಂದ ಗುರುತಿಸುವ, ನೆರೆಹೊರೆಯವರ ಮಾತನ್ನು ಸಾಕ್ಷ್ಯವಾಗಿ ಒಪ್ಪುವ, ತಕರಾರನ್ನು ಅಂದೇ ತೀರಿಸುವ ಒಂದು ವ್ಯವಸ್ಥೆ ಇಲ್ಲಿದೆ ಎಂಬುದನ್ನು ಅಲ್ಲಗಳೆಯಲಾಗದು.

ಸಂತೆಯಲ್ಲಿ ಮಾರುವವರಷ್ಟೇ ಇರುವುದಿಲ್ಲ. ಹಗಲುವೇಷದವರು, ಗೊಂದಲಿಗರು, ಸುಡುಗಾಡು ಸಿದ್ಧರು, ಬೇರುನಾರಿನ ಔಷಧದವರು ಈ ಭಾಗದ ಸಂತೆ ಜಾತ್ರೆಗಳನ್ನು ನಂಬಿ ಬದುಕಿದ ಅಲೆಮಾರಿಗಳು. ಅವರ ಕಲೆ ಮತ್ತು ವಿದ್ಯೆಗಳಿಗೆ ಸಂತೆಯ ಬಯಲೇ ರಂಗಸ್ಥಳ. ಜಾನಪದ ಅಧ್ಯಯನವು ಅವರ ಹಾಡು, ಕಥೆಗಳನ್ನು ಸಂಗ್ರಹಿಸಿದಷ್ಟು ಆಸ್ಥೆಯಿಂದ ಅವರು ನಿಂತ ನೆಲದ ಹಕ್ಕನ್ನು ವಿಚಾರಿಸಿದ್ದು ಕಡಿಮೆ.

ವ್ಯಕ್ತಿಗೆ ಪ್ರಮಾಣಪತ್ರ: ೨೦೧೪ರ ಅಧಿನಿಯಮ

ಬೀದಿ ವ್ಯಾಪಾರದ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದ ಮುಂದೆ ಹಲವು ಬಾರಿ ಬಂದಿದೆ. ೧೯೮೯ರ ಸೋದನ್ ಸಿಂಗ್ ಪ್ರಕರಣದಲ್ಲಿ, ಬೀದಿಬದಿಯಲ್ಲಿ ವ್ಯಾಪಾರ ಮಾಡುವುದು ಸಂವಿಧಾನದ ೧೯(೧)(ಜಿ) ವಿಧಿಯ ವ್ಯಾಪ್ತಿಗೆ ಬರುವ ಹಕ್ಕೆಂದೂ ಆದರೆ ಇಂಥದೇ ಜಾಗ ತನಗೆ ಬೇಕೆಂದು ಕೇಳುವ ಮೂಲಭೂತ ಹಕ್ಕು ಯಾರಿಗೂ ಇಲ್ಲವೆಂದೂ ನ್ಯಾಯಾಲಯ ಹೇಳಿತು. ೨೦೦೪ ಮತ್ತು ೨೦೦೯ರ ರಾಷ್ಟ್ರೀಯ ನೀತಿಗಳ ತರುವಾಯ ಸಂಸತ್ತು ಬೀದಿ ವ್ಯಾಪಾರಿಗಳ (ಜೀವನೋಪಾಯ ಸಂರಕ್ಷಣೆ ಮತ್ತು ಬೀದಿ ವ್ಯಾಪಾರ ನಿಯಂತ್ರಣ) ಅಧಿನಿಯಮವನ್ನು ಅಂಗೀಕರಿಸಿತು. ಅದು ೨೦೧೪ರ ಮೇ ೧ರಿಂದ ಜಾರಿಗೆ ಬಂದಿತು.

ಅಧಿನಿಯಮದ ಮುಖ್ಯ ಅಂಶಗಳು ಹೀಗಿವೆ. ಪ್ರತಿ ಪೌರಸಂಸ್ಥೆಯ ವ್ಯಾಪ್ತಿಯಲ್ಲಿ ಪಟ್ಟಣ ವ್ಯಾಪಾರ ಸಮಿತಿ ರಚನೆಯಾಗಬೇಕು. ಅದರಲ್ಲಿ ವ್ಯಾಪಾರಿಗಳ ಪ್ರತಿನಿಧಿಗಳು ಶೇಕಡ ೪೦ಕ್ಕಿಂತ ಕಡಿಮೆಯಿರಬಾರದು. ಆ ಪ್ರತಿನಿಧಿಗಳಲ್ಲಿ ಮೂರನೆಯ ಒಂದು ಭಾಗ ಮಹಿಳೆಯರಿರಬೇಕು. ಕನಿಷ್ಠ ಐದು ವರ್ಷಗಳಿಗೊಮ್ಮೆ ವ್ಯಾಪಾರಿಗಳ ಸಮೀಕ್ಷೆ ನಡೆಯಬೇಕು. ಪಟ್ಟಣದ ಜನಸಂಖ್ಯೆಯ ಶೇಕಡ ೨.೫ರ ಮಿತಿಯೊಳಗೆ, ಅಂದರೆ ಒಂದು ಲಕ್ಷ ಜನಕ್ಕೆ ೨,೫೦೦ರವರೆಗೆ, ವ್ಯಾಪಾರಿಗಳಿಗೆ ಸ್ಥಳಾವಕಾಶ ಕಲ್ಪಿಸಬೇಕು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಸ್ಥಳಾಂತರಕ್ಕೆ ೩೦ ದಿನಗಳ ನೋಟಿಸು ಬೇಕು. ವಶಪಡಿಸಿಕೊಂಡ ಸರಕಿನ ಪಟ್ಟಿ ಕೊಡಬೇಕು. ಕೆಡುವಂಥ ಸರಕನ್ನು, ಶುಲ್ಕ ಕಟ್ಟಿ ಕೇಳಿದ ದಿನವೇ ಬಿಡುಗಡೆ ಮಾಡಬೇಕು. ತಕರಾರುಗಳ ವಿಚಾರಣೆಗೆ ನ್ಯಾಯಾಂಗದ ಅನುಭವವುಳ್ಳವರ ಅಧ್ಯಕ್ಷತೆಯ ಸಮಿತಿಯಿರಬೇಕು. ಸುಂಕದವನ ಮುಂದೆ ಹೇ
ಳಿಕೊಳ್ಳಲಾಗದ ಸುಖದುಃಖಗಳಿಗೆ ಕಾನೂನಿನಲ್ಲಿ ಒಂದು ಜಾಗ ದೊರೆತದ್ದು ಹೀಗೆ.

ಆದರೆ ಅಧಿನಿಯಮವನ್ನು ಈ ಮೂರು ಪಟ್ಟಣಗಳ ಸಂತೆಯ ಪಕ್ಕದಲ್ಲಿಟ್ಟು ನೋಡಿದಾಗ ಕೆಲವು ತೊಡಕುಗಳು ಎದ್ದು ಕಾಣುತ್ತವೆ.

ಮೊದಲನೆಯದು ವ್ಯಾಪ್ತಿಯ ಪ್ರಶ್ನೆ. ಅಧಿನಿಯಮವು ನಗರ ಮತ್ತು ಪಟ್ಟಣಗಳ ಸ್ಥಳೀಯ ಸಂಸ್ಥೆಗಳಿಗೆ ಅನ್ವಯಿಸುತ್ತದೆ. ಸಿಂಧನೂರು ನಗರಸಭೆ, ಲಿಂಗಸುಗೂರು ಪುರಸಭೆಗಳು ಇದರ ವ್ಯಾಪ್ತಿಗೆ ಬರುತ್ತವೆ. ಮೊದಲು ಗ್ರಾಮ ಪಂಚಾಯಿತಿಯಾಗಿದ್ದ ಮಸ್ಕಿಯ ವ್ಯಾಪಾರಿಗಳು ಊರು ಪುರಸಭೆಯಾದ ಮೇಲಷ್ಟೇ ಇದರ ಆಶ್ರಯಕ್ಕೆ ಬಂದರು. ಹೆಸರಿನಲ್ಲಿಯೇ ಸಂತೆಯನ್ನು ಹೊತ್ತ ಸಂತೆಕೆಲ್ಲೂರಿನಂಥ ಹಳ್ಳಿಯ ಸಂತೆ ಈ ರಕ್ಷಣೆಯ ಹೊರಗೇ ಉಳಿಯುತ್ತದೆ.

ಎರಡನೆಯದು ವಾರಸುದಾರಿಕೆಯ ಪ್ರಶ್ನೆ. ಪ್ರಮಾಣಪತ್ರ ಪಡೆದವರು ಮೃತರಾದರೆ ಅಥವಾ ಶಾಶ್ವತ ಅಂಗವೈಕಲ್ಯಕ್ಕೆ ಒಳಗಾದರೆ ಅವರ ಪತಿ ಅಥವಾ ಪತ್ನಿ ಇಲ್ಲವೆ ಅವಲಂಬಿತ ಮಕ್ಕಳು ವ್ಯಾಪಾರವನ್ನು ಮುಂದುವರಿಸಬಹುದೆಂದು ಅಧಿನಿಯಮ ಹೇಳುತ್ತದೆ. ಸಂತೆಯ ರೂಢಿಯಲ್ಲಿ ಸಹಜ ವಾರಸುದಾರಳಾದ ಸೊಸೆಗೆ ಈ ಪಟ್ಟಿಯಲ್ಲಿ ಸ್ಥಾನವಿಲ್ಲ.

ಮೂರನೆಯದು ತಿರುಗಾಟದ ಪ್ರಶ್ನೆ. ವಾರದ ಒಂದೊಂದು ದಿನ ಒಂದೊಂದು ಊರಿನ ಸಂತೆ ಮಾಡುವವರು ಈ ಭಾಗದಲ್ಲಿ ಬಹಳ. ಅವರು ಎಲ್ಲ ಊರುಗಳಿಗೂ ಸೇರಿದವರು. ಆದ್ದರಿಂದ ಯಾವ ಊರಿನ ಪಟ್ಟಿಯಿಂದಲೂ ಬಿಟ್ಟುಹೋಗಬಹುದಾದವರು. ಮಳೆ ಕೈಕೊಟ್ಟ ವರ್ಷ ಗುಳೆ ಹೋದ ಕುಟುಂಬಗಳು ಸಮೀಕ್ಷೆಯ ದಿನ ಊರಲ್ಲಿರುವುದಿಲ್ಲ. ೨೦೨೦ರ ಜೂನ್‌ನಲ್ಲಿ ಆರಂಭವಾದ ಪಿಎಂ ಸ್ವನಿಧಿ ಯೋಜನೆಯು ಮೊದಲ ಹಂತದಲ್ಲಿ ೧೦,೦೦೦ ರೂಪಾಯಿವರೆಗಿನ ದುಡಿಮೆಯ ಬಂಡವಾಳ ಸಾಲ ಒದಗಿಸಿತು. ಪ್ರಮಾಣಪತ್ರ, ಗುರುತಿನ ಚೀಟಿ ಇಲ್ಲದವರಿಗೆ ಹಾಗೂ ಸುತ್ತಲಿನ ಹಳ್ಳಿಗಳಿಂದ ಪಟ್ಟಣಕ್ಕೆ ಬಂದು ಮಾರುವವರಿಗೆ ಶಿಫಾರಸು ಪತ್ರದ ಮೂಲಕ ಅದು ಅವಕಾಶ ಕೊಟ್ಟದ್ದು ಉಚಿತವಾಗಿತ್ತು. ಕಾಗದವೊಂದು ಕೇವಲ ಕೂರುವ ಹಕ್ಕಷ್ಟೇ ಆಗಿರದೆ ಬ್ಯಾಂಕಿನ ಬಾಗಿಲೂ ಆಗಿದೆ ಎಂಬುದು ಆಗ ಸ್ಪಷ್ಟವಾಯಿತು.

ನಾಲ್ಕನೆಯದು ನೆಲದ ಒಡೆತನದ ಪ್ರಶ್ನೆ. ಲಿಂಗಸುಗೂರು, ಮಸ್ಕಿ, ಸಿಂಧನೂರುಗಳನ್ನು ಒಂದೇ ದಾರಕ್ಕೆ ಪೋಣಿಸುವ ರಸ್ತೆ ಇಂದು ೧೫೦ಎ ಸಂಖ್ಯೆಯ ರಾಷ್ಟ್ರೀಯ ಹೆದ್ದಾರಿ. ಹೆದ್ದಾರಿಯ ಮಗ್ಗುಲೇ ವ್ಯಾಪಾರಕ್ಕೆ ಪ್ರಶಸ್ತ ಸ್ಥಳ. ಆದರೆ ಹೆದ್ದಾರಿಯ ಭೂಮಿ ಪೌರಸಂಸ್ಥೆಯದಲ್ಲ. ಅಲ್ಲಿಯ ತಾತ್ಕಾಲಿಕ ಅಂಗಡಿಗಳನ್ನು ತೆರವುಗೊಳಿಸುವ ಅಧಿಕಾರವನ್ನು ೨೦೦೨ರ ರಾಷ್ಟ್ರೀಯ ಹೆದ್ದಾರಿಗಳ ನಿಯಂತ್ರಣ ಅಧಿನಿಯಮವು ಹೆದ್ದಾರಿ ಆಡಳಿತಕ್ಕೆ ಕೊಟ್ಟಿದೆ. ತಳ್ಳುವ ಬಂಡಿಯವರು ನೆಲದ ಹಣ ಕೊಡುವುದು ಒಬ್ಬರಿಗೆ, ಎಬ್ಬಿಸುವ ಅಧಿಕಾರವಿರುವುದು ಮತ್ತೊಬ್ಬರಿಗೆ ಎಂಬ ಸ್ಥಿತಿ ಇದರಿಂದ ಉಂಟಾಗುತ್ತದೆ.

ಐವತ್ತು ವರ್ಷಗಳ ಸಾಕ್ಷ್ಯ

೨೦೧೪ರ ಅಧಿನಿಯಮದ ಎರಡು ಮಾತುಗಳು ಜಾನಪದ ವಿದ್ವಾಂಸರ ಗಮನಕ್ಕೆ ವಿಶೇಷವಾಗಿ ಅರ್ಹವಾಗಿವೆ. ಬೀದಿ ವ್ಯಾಪಾರಿಯ ವ್ಯಾಖ್ಯೆಯಲ್ಲಿ, ಸ್ಥಳೀಯವಾಗಿ ಅಥವಾ ಪ್ರದೇಶಕ್ಕೆ ವಿಶಿಷ್ಟವಾಗಿ ಬಳಕೆಯಲ್ಲಿರುವ ಎಲ್ಲ ಸಮಾನಾರ್ಥಕ ಹೆಸರುಗಳನ್ನೂ ಅದು ಒಳಗೊಂಡಿದೆ. ಸರಕು ಮಾರುವವರೊಂದಿಗೆ ಸೇವೆ ನೀಡುವವರನ್ನೂ ಸೇರಿಸಿದೆ. ಬುಟ್ಟಿಯವರು, ಹೊರೆಯವರು, ಡಬ್ಬಿ ಅಂಗಡಿಯವರು, ಬಳೆಗಾರರು ಎಂಬ ನಮ್ಮ ಜನಬಳಕೆಯ ಹೆಸರುಗಳಿಗೆ ಇದರಿಂದ ಕಾನೂನಿನ ಮನ್ನಣೆ ದೊರೆತಂತಾಗಿದೆ. ಹಗಲುವೇಷದವರ ಪ್ರದರ್ಶನವೂ ಒಂದು ಸೇವೆಯೇ ಎಂಬ ಪ್ರಶ್ನೆಯನ್ನು ಪಟ್ಟಣ ವ್ಯಾಪಾರ ಸಮಿತಿಗಳ ಮುಂದಿಡಲು ಅವಕಾಶವಾಗಿದೆ.

ಎರಡನೆಯ ಮಾತು ಸಹಜ ಮಾರುಕಟ್ಟೆಗೆ ಸಂಬಂಧಿಸಿದ್ದು. ಮಾರುವವರೂ ಕೊಳ್ಳುವವರೂ ಸಾಂಪ್ರದಾಯಿಕವಾಗಿ ಕೂಡುತ್ತ ಬಂದಿರುವ ಸ್ಥಳವನ್ನು ಅಧಿನಿಯಮ ಸಹಜ ಮಾರುಕಟ್ಟೆ ಎಂದು ಕರೆಯುತ್ತದೆ. ಅಂಥಲ್ಲಿ ಐವತ್ತು ವರ್ಷಗಳಿಗೂ ಮೇಲ್ಪಟ್ಟು ಬೀದಿ ವ್ಯಾಪಾರ ನಡೆದಿದ್ದರೆ ಅದನ್ನು ಪಾರಂಪರಿಕ ಮಾರುಕಟ್ಟೆಯೆಂದು ಘೋಷಿಸಬೇಕು, ಅಲ್ಲಿಯವರನ್ನು ಸ್ಥಳಾಂತರಿಸುವಂತಿಲ್ಲ. ಇಂಥದೇ ಜಾಗದ ಹಕ್ಕು ಯಾರಿಗೂ ಇಲ್ಲವೆಂದು ೧೯೮೯ರಲ್ಲಿ ಹೇಳಲಾಗಿದ್ದ ನಾಡಿನಲ್ಲಿ, ಹಳೆಯ ಸಂತೆಗೆ ಅದರ ನೆಲವನ್ನು ಖಚಿತಪಡಿಸುವ ಈ ಮಾತು ಅಸಾಧಾರಣವಾದುದು.

ಅಧಿನಿಯಮ ಬಂದ ೨೦೧೪ರಿಂದ ಐವತ್ತು ವರ್ಷ ಹಿಂದಕ್ಕೆ ಎಣಿಸಿದರೆ ಸಿಗುವುದು ೧೯೬೪. ಪೌರಸಭೆಗಳ ಅಧಿನಿಯಮದ ವರ್ಷವೂ ಅದೇ. ಅಂದರೆ ಒಂದು ಸಂತೆಯ ಹಳಮೆಯನ್ನು ಸಾಧಿಸಲು ಇಂದಿನ ಪೌರಾಡಳಿತದ ಕಾಗದಪತ್ರಗಳ ಆರಂಭಕ್ಕೇ ಹೋಗಬೇಕು, ಕೆಲವೊಮ್ಮೆ ಅದಕ್ಕೂ ಹಿಂದಿನ ಉರ್ದು ದಫ್ತರಗಳಿಗೆ ಹೋಗಬೇಕು. ರಸೀದಿಯಲ್ಲಿ ಹೆಸರಿಲ್ಲ. ಹರಾಜಿನ ಪುಸ್ತಕದಲ್ಲಿ ಇರುವುದು ಗುತ್ತಿಗೆದಾರನ ಹೆಸರು. ಅವನ ಮೊತ್ತದ ಹಿಂದೆ ನೂರಾರು ಬುಟ್ಟಿಗಳಿದ್ದವೆಂಬುದನ್ನು ಹೇಳಬಲ್ಲವರು ಆ ಬುಟ್ಟಿಗಳನ್ನು ಹೊತ್ತವರೇ. ೧೯೬೪ರಲ್ಲಿ ತಾಯಿಯ ಸೆರಗು ಹಿಡಿದು ಸಂತೆಗೆ ಬಂದ ಹತ್ತು ವರ್ಷದ ಮಗುವಿಗೆ ಇಂದು ಎಪ್ಪತ್ತು ದಾಟಿದೆ. ಯಾವ ಮರದ ಕೆಳಗೆ ಯಾರ ಸಾಲು ಇತ್ತು, ಬಸ್ ನಿಲ್ದಾಣ ಬರುವ ಮೊದಲು ಸಂತೆ ಎಲ್ಲಿ ಕೂಡುತ್ತಿತ್ತು, ತೈಬಜಾರಿ ಎಷ್ಟು ಆಣೆಯಿತ್ತು ಎಂಬುದನ್ನು ಬಲ್ಲ ತಲೆಮಾರು ಕಣ್ಮರೆಯಾಗುತ್ತಿದೆ.

ಈ ದೃಷ್ಟಿಯಿಂದ ಮಾಡಬೇಕಾದ ಕೆಲಸ ಸ್ಪಷ್ಟವಾಗಿದೆ. ಪೌರಸಂಸ್ಥೆಗಳು ತೈಬಜಾರಿಯ ಹರಾಜು ಪುಸ್ತಕಗಳನ್ನು ಹಳೆಯ ರದ್ದಿಯೆಂದು ವಿಲೇವಾರಿ ಮಾಡದೆ ಕಾಯ್ದಿಡಬೇಕು. ಜಾನಪದ ವಿಭಾಗಗಳೂ ಅಕಾಡೆಮಿಗಳೂ ಪ್ರತಿ ಹಳೆಯ ಸಂತೆಯ ಸಾಲುಗಳನ್ನು ಹಿರಿಯ ವ್ಯಾಪಾರಿಗಳ ಬಾಯಿಂದ ಕೇಳಿ, ನಕ್ಷೆಯಲ್ಲಿ ಗುರುತಿಸಿ, ನೆರೆಹೊರೆಯವರ ಹೇಳಿಕೆಗಳೊಂದಿಗೆ ತಾಳೆ ನೋಡಿ ದಾಖಲಿಸಬೇಕು. ಆ ದಾಖಲೆಯ ಒಂದು ಪ್ರತಿ ಗ್ರಂಥಾಲಯಕ್ಕೆ ಸೇರಿದರೆ ಮತ್ತೊಂದು ಪಟ್ಟಣ ವ್ಯಾಪಾರ ಸಮಿತಿಯ ಕಡತಕ್ಕೆ ಸೇರಬೇಕು. ಅಧಿನಿಯಮದ ಹೊರಗುಳಿದ ಹಳ್ಳಿಯ ಸಂತೆಗಳಿಗೂ ಇದೇ ಬಗೆಯ ದಾಖಲಾತಿ ನಡೆದರೆ, ಮುಂದೆ ಅವು ಪಟ್ಟಣದ ವ್ಯಾಪ್ತಿಗೆ ಬಂದಾಗ ಬರಿಗೈಯಲ್ಲಿ ನಿಲ್ಲುವ ಪ್ರಸಂಗ ಬಾರದು.

ಸರಕನ್ನು ಎಣಿಸಿದ ಕಾಲದಲ್ಲಿಯೂ ನೆಲವನ್ನು ಅಳೆದ ಕಾಲದಲ್ಲಿಯೂ ಸಂತೆಯ ಜನ ತಮ್ಮ ಜಾಗವನ್ನು ನೆನಪಿನ ಬಲದಿಂದ ಉಳಿಸಿಕೊಂಡರು. ವ್ಯಕ್ತಿಯನ್ನು ಹೆಸರಿಡಿದು ಬರೆದುಕೊಳ್ಳುವ ಈ ಕಾಲದಲ್ಲಿ ಆ ನೆನಪು ಬರಹಕ್ಕೆ ಇಳಿಯದಿದ್ದರೆ, ತಲೆಮಾರುಗಳಿಂದ ಕುಳಿತವರೇ ಹೊಸಬರೆನಿಸಿಕೊಂಡು ಏಳಬೇಕಾದೀತು.